ದುಃಖವನ್ನು ಲೆಕ್ಕ ಹಾಕಿ ಬರೆದ ಕವಿ ಎಡ್ಗರ್ ಅಲನ್ ಪೋ

ಪಾಳು ಬಿದ್ದ ಬಂಗಲೆ, ನಡುರಾತ್ರಿಯ ಗಾಳಿ, ಅಕಾಲದಲ್ಲಿ ತೀರಿಕೊಂಡ ಪ್ರೇಯಸಿ, ಆಕೆಯ ನೆನಪಿನಲ್ಲಿ ನಿದ್ದೆಗೆಟ್ಟು ಕುಳಿತ ಪ್ರೇಮಿ. ಇಂಥ ಕತೆ ಎಂದರೆ ಜನರಿಗೆ ಅದೇನೋ ಸೆಳೆತ. 1949ರಲ್ಲಿ ನಮ್ಮ ಮುಂಬಯಿಯ ಬಾಂಬೆ ಟಾಕೀಸ್ ಸಂಸ್ಥೆ 'ಮಹಲ್' ಚಿತ್ರ ತೆಗೆದಾಗ ಜನ ಮುಗಿಬಿದ್ದು ನೋಡಿದ್ದರ ಹಿಂದೆಯೂ ಈ ಸೆಳೆತವಿತ್ತು. ಅದಕ್ಕೆ ಸರಿಯಾಗಿ ನೂರು ವರ್ಷ ಹಿಂದೆ, 1849ರ ಅಕ್ಟೋಬರ್ 7ರಂದು, ಅಮೆರಿಕದ ಬಾಲ್ಟಿಮೋರ್ ನಗರದ ಆಸ್ಪತ್ರೆಯೊಂದರಲ್ಲಿ ನಲವತ್ತು ವರ್ಷದ ಲೇಖಕನೊಬ್ಬ ಕೊನೆಯುಸಿರೆಳೆದ. ಕತ್ತಲು ಮತ್ತು ವಿಷಾದದ ಸಾಹಿತ್ಯಕ್ಕೆ ಜಗತ್ತಿನಾದ್ಯಂತ ಓದುಗರನ್ನು ಗಳಿಸಿಕೊಟ್ಟವರ ಪಟ್ಟಿಯಲ್ಲಿ ಆತನ ಹೆಸರು ಮೊದಲ ಸಾಲಿನಲ್ಲಿದೆ. ಆತನೇ ಎಡ್ಗರ್ ಅಲನ್ ಪೋ.

ಪೋ ಎಂದೊಡನೆ ಕುಡುಕ, ಅರೆಹುಚ್ಚ, ಸ್ಮಶಾನದ ಕವಿ ಎಂಬ ಚಿತ್ರವೇ ಅನೇಕರ ಕಣ್ಣ ಮುಂದೆ ಬರುವುದು. ಈ ಚಿತ್ರವನ್ನು ಬರೆದವರು ಯಾರು, ಏಕೆ ಬರೆದರು ಎಂಬುದೇ ಒಂದು ಕತೆ. ಅದು ಮುಂದೆ ಬರುತ್ತದೆ. ಆದರೆ ಆತನ ಬದುಕಿನ ಜಮಾ ಖರ್ಚನ್ನು ತಾಳ್ಮೆಯಿಂದ ನೋಡಿದವರಿಗೆ ಕಾಣುವ ಮನುಷ್ಯನೇ ಬೇರೆ. ಸಂಬಳಕ್ಕಾಗಿ ಒಂದು ಪತ್ರಿಕೆಯಿಂದ ಇನ್ನೊಂದಕ್ಕೆ ಅಲೆದ ನೌಕರ, ಬರೆದದ್ದನ್ನು ಮತ್ತೆ ಮತ್ತೆ ತಿದ್ದುತ್ತಿದ್ದ ಕಸಬುದಾರ.

ಇಪ್ಪತ್ತನಾಲ್ಕರಲ್ಲಿ ಹೋದವರು

ಪೋ ಹುಟ್ಟಿದ್ದು 1809ರ ಜನವರಿ 19ರಂದು ಬಾಸ್ಟನ್ ನಗರದಲ್ಲಿ. ತಂದೆ ಡೇವಿಡ್, ತಾಯಿ ಎಲಿಜಬೆತ್ ಇಬ್ಬರೂ ಊರೂರು ತಿರುಗುವ ನಾಟಕ ಕಂಪನಿಗಳ ಕಲಾವಿದರು. ತಾಯಿ ಬಾಲ್ಯದಿಂದಲೇ ರಂಗದ ಮೇಲಿದ್ದವಳು, ಹಾಡುಗಾರಿಕೆಗೂ ಹೆಸರಾದವಳು. ತಂದೆ ಸಂಸಾರವನ್ನು ನಡುನೀರಿನಲ್ಲಿ ಬಿಟ್ಟು ಹೋದ. ಪುಟ್ಟ ಮಕ್ಕಳೊಡನೆ ರಿಚ್ಮಂಡ್ ನಗರಕ್ಕೆ ಬಂದ ಎಲಿಜಬೆತ್ ಅಲ್ಲಿ ಹಾಸಿಗೆ ಹಿಡಿದಳು. ಕಾಯಿಲೆ ಕ್ಷಯ ಎಂದೇ ನಂಬಲಾಗಿದೆ. 1811ರ ನವೆಂಬರ್ ಕೊನೆಯಲ್ಲಿ ಅಲ್ಲಿನ ಪತ್ರಿಕೆಯಲ್ಲಿ ಆಕೆಗೆ ನೆರವು ಕೋರುವ ಪ್ರಕಟಣೆ ಬಂತು. ಡಿಸೆಂಬರ್ 8ರಂದು ಆಕೆ ತೀರಿಕೊಂಡಳು. ಆಗ ಆಕೆಗೆ 24 ವರ್ಷ, ಎಡ್ಗರ್‌ಗೆ ಮೂರು ವರ್ಷವೂ ತುಂಬಿರಲಿಲ್ಲ.

ಈ 24 ಎಂಬ ಸಂಖ್ಯೆಯನ್ನು ಓದುಗರು ನೆನಪಿನಲ್ಲಿಡಬೇಕು. ಆತನ ಅಣ್ಣ ಹೆನ್ರಿ 1831ರಲ್ಲಿ ತೀರಿಕೊಂಡಾಗ ಆತನಿಗೂ 24. ಹೆಂಡತಿ ವರ್ಜೀನಿಯಾ 1847ರಲ್ಲಿ ಕ್ಷಯದಿಂದ ಸತ್ತಾಗ ಆಕೆಗೂ 24. ಪೋನ ಕತೆ ಕವನಗಳಲ್ಲಿ ಯೌವನದಲ್ಲೇ ಬಾಡಿ ಹೋಗುವ ಹೆಣ್ಣು ಮಕ್ಕಳು ಪದೇ ಪದೇ ಬರುತ್ತಾರೆ ಎಂದು ಮೂಗು ಮುರಿಯುವ ವಿಮರ್ಶಕರಿದ್ದಾರೆ. ಆತನ ಮನೆಯಲ್ಲಿ ನಡೆದದ್ದೇ ಅದು. ಅಂದಿನ ಅಮೆರಿಕದಲ್ಲಾಗಲಿ ಯುರೋಪಿನಲ್ಲಾಗಲಿ ಕ್ಷಯ ಹೊಕ್ಕದ ಬೀದಿ ಇರಲಿಲ್ಲ. ಓದುಗರಿಗೂ ಆ ಸಾವು ಕತೆಯ ಸಂಗತಿಯಾಗಿರಲಿಲ್ಲ, ಮನೆಯ ಸಂಗತಿಯಾಗಿತ್ತು.

ತಾಯಿ ಸತ್ತ ಮೇಲೆ ಮೂವರು ಮಕ್ಕಳು ಮೂರು ಮನೆ ಪಾಲಾದರು. ಎಡ್ಗರ್‌ನನ್ನು ರಿಚ್ಮಂಡ್‌ನ ತಂಬಾಕು ವ್ಯಾಪಾರಿ ಜಾನ್ ಅಲನ್ ಮತ್ತು ಆತನ ಹೆಂಡತಿ ಫ್ರಾನ್ಸಿಸ್ ಸಾಕಿದರು. ಸಾಕಿದರೇ ಹೊರತು ಕಾನೂನು ಪ್ರಕಾರ ದತ್ತು ತೆಗೆದುಕೊಳ್ಳಲಿಲ್ಲ. ಹೆಸರಿನ ನಡುವೆ ಅಲನ್ ಸೇರಿತು, ಉಯಿಲಿನಲ್ಲಿ ಪೋ ಸೇರಲಿಲ್ಲ. 1815ರಿಂದ 1820ರವರೆಗೆ ಈ ಕುಟುಂಬ ಇಂಗ್ಲೆಂಡಿನಲ್ಲಿತ್ತು. ಅಲ್ಲಿನ ಹಳೆಯ ಶಾಲೆ, ಮಂಜು ಕವಿದ ಬೀದಿಗಳು ಬಾಲಕನ ಮನಸ್ಸಿನಲ್ಲಿ ಉಳಿದು ಮುಂದೆ ಕತೆಗಳಲ್ಲಿ ಹೊರಬಂದವು.

1825ರಲ್ಲಿ ಜಾನ್ ಅಲನ್‌ಗೆ ಸೋದರಮಾವನ ಕಡೆಯಿಂದ ಭಾರಿ ಆಸ್ತಿ ಬಂತು. ಮರುವರ್ಷ ಪೋ ವರ್ಜೀನಿಯಾ ವಿಶ್ವವಿದ್ಯಾಲಯ ಸೇರಿದ. ವರ್ಷದ ಖರ್ಚು ಕನಿಷ್ಠ 350 ಡಾಲರ್ ಇದ್ದಲ್ಲಿ ತನ್ನ ಕೈಗೆ ಕೊಟ್ಟದ್ದು 110 ಡಾಲರ್ ಎಂದು ಪೋ ಮುಂದೆ ಪತ್ರದಲ್ಲಿ ದೂರಿಕೊಂಡಿದ್ದಾನೆ. ಕೊರತೆ ತುಂಬಲು ಆತ ಹಿಡಿದ ದಾರಿ ಇಸ್ಪೀಟು. ಸಾಲ ಸುಮಾರು 2,000 ಡಾಲರ್ ಮುಟ್ಟಿತು. ಅಲನ್ ತೀರಿಸಲು ಒಪ್ಪಲಿಲ್ಲ. ಒಂದು ವರ್ಷಕ್ಕೇ ಓದು ನಿಂತಿತು. ಇಲ್ಲಿ ತಪ್ಪು ಇಬ್ಬರದ್ದೂ ಇದೆ ಎನ್ನದೆ ವಿಧಿಯಿಲ್ಲ. ಮದುವೆಯಾಗಬೇಕೆಂದಿದ್ದ ಎಲ್ಮೈರಾ ರಾಯ್‌ಸ್ಟರ್ ಎಂಬ ಹುಡುಗಿಗೆ ಆತ ಬರೆದ ಕಾಗದಗಳನ್ನು ಆಕೆಯ ತಂದೆ ತಡೆದಿಟ್ಟುಕೊಂಡ. ಆಕೆ ಬೇರೆಯವನ ಕೈ ಹಿಡಿದಳು.

ಮನೆ ಬಿಟ್ಟ ಪೋ 1827ರಲ್ಲಿ ಬಾಸ್ಟನ್‌ಗೆ ಹೋಗಿ ಎಡ್ಗರ್ ಪೆರಿ ಎಂಬ ಸುಳ್ಳು ಹೆಸರಿನಲ್ಲಿ ಸೈನ್ಯ ಸೇರಿದ. ಅದೇ ವರ್ಷ 40 ಪುಟಗಳ ಕವನ ಪುಸ್ತಕವೊಂದು ಹೊರಬಂತು. ಮುಖಪುಟದಲ್ಲಿ ಕವಿಯ ಹೆಸರೇ ಇರಲಿಲ್ಲ, ಬಾಸ್ಟನ್ ನಿವಾಸಿ ಎಂದಷ್ಟೇ ಇತ್ತು. ಯಾರೂ ಗಮನಿಸದ ಆ ಪುಸ್ತಕದ ಹನ್ನೆರಡು ಪ್ರತಿಗಳು ಮಾತ್ರ ಇಂದು ಉಳಿದಿವೆ ಎನ್ನುತ್ತಾರೆ. 2009ರಲ್ಲಿ ಒಂದು ಪ್ರತಿ ನ್ಯೂಯಾರ್ಕಿನ ಹರಾಜಿನಲ್ಲಿ 6,62,500 ಡಾಲರಿಗೆ ಹೋಯಿತು. ಸೈನ್ಯದಲ್ಲಿ ಆತನಿಗೆ ಗುಮಾಸ್ತನ ಕೆಲಸವೂ ಸಿಕ್ಕಿತ್ತು, ಎರಡು ವರ್ಷ ತುಂಬುವ ಮೊದಲೇ ಸಾರ್ಜೆಂಟ್ ಮೇಜರ್ ಹುದ್ದೆಗೆ ಏರಿದ. ಶಿಸ್ತಿಲ್ಲದ ಮನುಷ್ಯನಿಗೆ ಈ ಬಡ್ತಿ ದೊರೆಯುವುದಿಲ್ಲ. ಅನಂತರ ವೆಸ್ಟ್ ಪಾಯಿಂಟ್ ಸೈನಿಕ ಶಾಲೆಗೆ ಸೇರಿ, ಅಲ್ಲಿ ಬೇಕೆಂದೇ ಹಾಜರಾತಿ ತಪ್ಪಿಸಿ 1831ರಲ್ಲಿ ವಜಾ ಆದ. 1834ರಲ್ಲಿ ಸತ್ತ ಜಾನ್ ಅಲನ್ ಸಾಕುಮಗನಿಗೆ ಒಂದು ಕಾಸನ್ನೂ ಬಿಟ್ಟು ಹೋಗಲಿಲ್ಲ.

ಸೋದರತ್ತೆಯ ಮನೆ

ಇಂಥ ಹೊತ್ತಿನಲ್ಲಿ ಪೋನನ್ನು ಒಳಗೆ ಕರೆದು ಊಟ ಹಾಕಿದವಳು ಬಾಲ್ಟಿಮೋರ್‌ನಲ್ಲಿದ್ದ ಸೋದರತ್ತೆ ಮರಾಯ ಕ್ಲೆಮ್. ವಿಧವೆ. ಹೊಲಿಗೆ ಮಾಡಿ, ಮನೆಯಲ್ಲಿ ಬಾಡಿಗೆಯವರನ್ನು ಇಟ್ಟುಕೊಂಡು ಸಂಸಾರ ತೂಗಿಸುತ್ತಿದ್ದವಳು. ಪೋನ ಚರಿತ್ರೆಯಲ್ಲಿ ಈ ಹೆಂಗಸಿಗೆ ಸಿಗಬೇಕಾದಷ್ಟು ಜಾಗ ಸಿಕ್ಕಿಲ್ಲ. ಆತನ ಹಸ್ತಪ್ರತಿಗಳನ್ನು ಕಂಕುಳಲ್ಲಿ ಹಿಡಿದು ಸಂಪಾದಕರ ಬಾಗಿಲು ಬಾಗಿಲಿಗೆ ಹೋದವಳು ಆಕೆ, ಸಾಲ ತಂದವಳು ಆಕೆ, ಕಾಯಿಲೆಯವರ ಆರೈಕೆ ಮಾಡಿದವಳೂ ಆಕೆ.

1836ರ ಮೇ 16ರಂದು ಪೋ ಆಕೆಯ ಮಗಳು ವರ್ಜೀನಿಯಾಳನ್ನು ಮದುವೆಯಾದ. ಅತ್ತೆಯ ಮಗಳನ್ನು ತಂದುಕೊಳ್ಳುವುದು ನಮ್ಮವರಿಗೆ ಹೊಸದಲ್ಲ. ಆದರೆ ಆತನಿಗೆ 27, ಆಕೆಗೆ 13. ಮದುವೆಯ ಕಾಗದದಲ್ಲಿ ಆಕೆಗೆ 21 ಎಂದು ಬರೆಸಲಾಯಿತು. ಅಂದಿನ ಕಾಲದ ನೆಪ ಹೇಳಿ ಇದನ್ನು ಸಮರ್ಥಿಸಲು ಬರುವುದಿಲ್ಲ. ಸುಳ್ಳು ವಯಸ್ಸು ಬರೆಸಬೇಕಾಯಿತು ಎಂದರೆ ಅಂದಿನವರ ಕಣ್ಣಿಗೂ ಅದು ಸರಿ ಕಂಡಿರಲಿಲ್ಲ ಎಂದೇ ಅರ್ಥ. ಮೂವರೂ ಒಂದೇ ಸಂಸಾರವಾಗಿ ರಿಚ್ಮಂಡ್, ನ್ಯೂಯಾರ್ಕ್, ಫಿಲಡೆಲ್ಫಿಯಾ ಎಂದು ಊರು ಬದಲಿಸುತ್ತ ಹೋದರು.

ಪೋ ದುಡಿದದ್ದೆಲ್ಲ ಪತ್ರಿಕೆಗಳಲ್ಲಿ. ರಿಚ್ಮಂಡ್‌ನ 'ಸದರ್ನ್ ಲಿಟರರಿ ಮೆಸೆಂಜರ್' ಪತ್ರಿಕೆಯಲ್ಲಿ ವಾರಕ್ಕೆ 10 ಡಾಲರಿನಂತೆ ಶುರು ಮಾಡಿದ. ಫಿಲಡೆಲ್ಫಿಯಾದ 'ಗ್ರಹಾಮ್ಸ್ ಮ್ಯಾಗಜಿನ್' 1841ರಲ್ಲಿ ವರ್ಷಕ್ಕೆ 800 ಡಾಲರ್ ಕೊಟ್ಟಿತು. ಪತ್ರಿಕೆಯ ಪ್ರಸಾರ ಹಲವು ಪಟ್ಟು ಏರಿತು, ಆತನ ಸಂಬಳ ಏರಲಿಲ್ಲ. 1839ರಲ್ಲಿ ಪ್ರಕಟವಾದ 'ಅಶರ್ ಮನೆತನದ ಪತನ' ಕತೆಯನ್ನು ಒಳಗೊಂಡ ಸಂಕಲನಕ್ಕೆ ಪ್ರಕಾಶಕರು ಹಣವನ್ನೇ ಕೊಡಲಿಲ್ಲ, ಕೆಲವು ಪ್ರತಿಗಳನ್ನು ಕೈಗಿತ್ತರು. ಆತನ ಜೀವಿತಕಾಲದಲ್ಲಿ ಎರಡನೇ ಮುದ್ರಣ ಕಂಡ ಒಂದೇ ಪುಸ್ತಕ ಯಾವುದೆಂದರೆ ಚಿಪ್ಪು ಶಂಖಗಳ ಬಗ್ಗೆ ವಿದ್ಯಾರ್ಥಿಗಳಿಗಾಗಿ ಬಂದ ಒಂದು ಪಠ್ಯಪುಸ್ತಕ! ಅದಕ್ಕೂ ಆತ ಬಹುಮಟ್ಟಿಗೆ ಹೆಸರು ಕೊಟ್ಟವನೇ ಹೊರತು ಪೂರ್ತಿ ಬರೆದವನಲ್ಲ.

ಅದೇ 1841ರಲ್ಲಿ ಗ್ರಹಾಮ್ಸ್ ಪತ್ರಿಕೆಯಲ್ಲಿ ಬಂದ, ಪ್ಯಾರಿಸಿನ ರೂ ಮಾರ್ಗ್ ಬೀದಿಯ ಕೊಲೆಗಳ ಕತೆಯಲ್ಲಿ ದ್ಯೂಪಾಂ ಎಂಬ ಪತ್ತೇದಾರ ಹುಟ್ಟಿದ. ಕುಳಿತಲ್ಲೇ ತರ್ಕದಿಂದ ಕೊಲೆ ಬಿಡಿಸುವ ಜಾಣನೂ, ಪಕ್ಕದಲ್ಲಿ ಬೆರಗಾಗಿ ಕೇಳುವ ಗೆಳೆಯನೂ ಅಲ್ಲೇ ಮೊದಲು ಬಂದರು. ಷರ್ಲಾಕ್ ಹೋಮ್ಸ್‌ನ ಕರ್ತೃ ಕಾನನ್ ಡಾಯ್ಲ್ ಈ ಋಣವನ್ನು ಒಪ್ಪಿಕೊಂಡಿದ್ದಾನೆ. ಕನ್ನಡದಲ್ಲಿ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಸಾಹಸಗಳನ್ನು ದೀಪದ ಬೆಳಕಿನಲ್ಲಿ ಓದಿ ಬೆಳೆದ ಹಿರಿಯರು, ಆ ವಂಶವೃಕ್ಷದ ಮೂಲಪುರುಷ ಈ ವಿಷಾದದ ಕವಿ ಎಂಬುದನ್ನು ಅರಿತರೆ ಅಚ್ಚರಿಪಡಬಹುದು. ಹುಚ್ಚನ ತಲೆಯಿಂದ ಬರುವ ಸಾಹಿತ್ಯ ಇದಲ್ಲ.

1842ರ ಜನವರಿಯಲ್ಲಿ ಒಂದು ಸಂಜೆ ಹಾಡುತ್ತಿದ್ದ ವರ್ಜೀನಿಯಾಳ ಬಾಯಿಂದ ರಕ್ತ ಬಂತು. ಅಲ್ಲಿಂದ ಐದು ವರ್ಷ ಆಕೆ ಒಂದು ತಿಂಗಳು ಚೇತರಿಸಿಕೊಂಡರೆ ಮರುತಿಂಗಳು ಮಲಗುವಳು. ಪ್ರತಿ ಸಲ ಆಸೆ, ಪ್ರತಿ ಸಲ ಭಂಗ. ಈ ಏರಿಳಿತವೇ ತನ್ನನ್ನು ಕುಡಿತಕ್ಕೆ ತಳ್ಳಿತು ಎಂದು ಪೋ ಮುಂದೆ ಗೆಳೆಯನೊಬ್ಬನಿಗೆ ಬರೆದ. ಆತ ಕುಡಿಯುತ್ತಿದ್ದುದು ನಿಜ. ತಿಂಗಳುಗಟ್ಟಲೆ ಮುಟ್ಟದೆಯೂ ಇರುತ್ತಿದ್ದ, ಮುಟ್ಟಿದರೆ ಸ್ವಲ್ಪಕ್ಕೇ ಕೆಡುತ್ತಿದ್ದ. ಫಿಲಡೆಲ್ಫಿಯಾದ ಸುಂಕದ ಕಚೇರಿಯಲ್ಲಿ ಒಂದು ಸರಕಾರಿ ನೌಕರಿ ಸಿಗಲಿ, ತಿಂಗಳ ಸಂಬಳ ನಿಶ್ಚಿತವಾಗಲಿ ಎಂದು ಬಹಳ ಪ್ರಯತ್ನಪಟ್ಟ. ಅದಕ್ಕಾಗಿಯೇ 1843ರಲ್ಲಿ ವಾಷಿಂಗ್ಟನ್‌ಗೆ ಹೋಗಿ, ಅಲ್ಲಿ ಕುಡಿದು ಕೆಲಸ ಕೆಡಿಸಿಕೊಂಡ.

ಒಂಬತ್ತು ಡಾಲರಿನ ಪಕ್ಷಿ

1845ರ ಜನವರಿ 29ರಂದು ನ್ಯೂಯಾರ್ಕಿನ 'ಈವ್ನಿಂಗ್ ಮಿರರ್' ಪತ್ರಿಕೆಯಲ್ಲಿ 'ದಿ ರೇವನ್' ಎಂಬ 108 ಸಾಲುಗಳ ಕವನ ಅಚ್ಚಾಯಿತು. ರೇವನ್ ಎಂದರೆ ನಮ್ಮ ಊರಿನ ಕಾಗೆಗಿಂತ ದೊಡ್ಡದಾದ, ಮಾತು ಕಲಿಸಿದರೆ ಅನುಕರಿಸುವ ಕಪ್ಪು ಕಾಗೆ. ಸತ್ತ ಪ್ರೇಯಸಿಯನ್ನು ನೆನೆಯುತ್ತ ಡಿಸೆಂಬರ್ ನಡುರಾತ್ರಿ ಒಬ್ಬನೇ ಕುಳಿತಿರುವ ಯುವಕನ ಕೋಣೆಗೆ ಈ ಪಕ್ಷಿ ಬರುತ್ತದೆ. ಅದಕ್ಕೆ ಗೊತ್ತಿರುವುದು ಒಂದೇ ಮಾತು. ಇನ್ನೆಂದಿಗೂ ಇಲ್ಲ ಎಂಬ ಅರ್ಥದ ಮಾತು. ಯುವಕ ಮೊದಲು ನಗುತ್ತ ಅದರ ಹೆಸರು ಕೇಳುತ್ತಾನೆ. ಆಮೇಲೆ ತನ್ನ ನೋವಿಗೆ ಔಷಧ ಉಂಟೇ ಎಂದು ಕೇಳುತ್ತಾನೆ. ಕೊನೆಗೆ, ಸತ್ತವಳನ್ನು ಪರಲೋಕದಲ್ಲಾದರೂ ಸೇರುವೆನೇ ಎಂದು ಕೇಳುತ್ತಾನೆ. ಪಕ್ಷಿಯ ಉತ್ತರ ಏನಿರುತ್ತದೆ ಎಂಬುದು ಆತನಿಗೆ ಚೆನ್ನಾಗಿ ಗೊತ್ತು. ಗೊತ್ತಿದ್ದೂ ಕೇಳುತ್ತಾನೆ.

ಕವನದ ಜೀವ ಇರುವುದು ಇಲ್ಲೇ. ಕಳೆದುಕೊಂಡವರಿಗೆಲ್ಲ ಈ ಚಟ ಗೊತ್ತು. ಹಳೆಯ ಕಾಗದ ತೆಗೆದು ಓದುವುದು, ಫೋಟೋ ಹೊರತೆಗೆದು ನೋಡುವುದು, ನೋಯುತ್ತದೆ ಎಂದು ತಿಳಿದೇ ಮಾಡುವುದು. ಆ ನೋವಿನಲ್ಲಿ ಸತ್ತವರು ಇನ್ನೂ ಸ್ವಲ್ಪ ಹೊತ್ತು ಹತ್ತಿರ ಇರುತ್ತಾರೆ. ತಿಥಿಯ ದಿನ ಪಿಂಡ ಇಟ್ಟು ಕಾಗೆ ಮುಟ್ಟುವವರೆಗೆ ಉಸಿರು ಬಿಗಿಹಿಡಿದು ನಿಲ್ಲುವ ನಮ್ಮ ಜನರಿಗೆ, ದುಃಖಿಯೊಬ್ಬ ಕಪ್ಪು ಪಕ್ಷಿಯನ್ನು ಪ್ರಶ್ನೆ ಕೇಳುವುದು ವಿಚಿತ್ರ ಎನಿಸಲಾರದು. ಕ್ರೌಂಚದ ಸಾವಿನಿಂದ ರಾಮಾಯಣ ಹುಟ್ಟಿತು ಎನ್ನುವ, ಕರುಣ ರಸವನ್ನು ಭವಭೂತಿ ಎಲ್ಲಕ್ಕಿಂತ ಮೇಲಿಟ್ಟ ಪರಂಪರೆ ನಮ್ಮದು. ಪೋಗೆ ಇದಾವುದೂ ತಿಳಿದಿರಲಿಕ್ಕಿಲ್ಲ. ಆತ ತನ್ನ ದಾರಿಯಲ್ಲಿ ಅಲ್ಲಿಗೇ ಬಂದು ಸೇರಿದ.

ಕವನ ಕಾಳ್ಗಿಚ್ಚಿನಂತೆ ಹಬ್ಬಿತು. ಪತ್ರಿಕೆಗಳು ಒಂದರ ಹಿಂದೊಂದು ಅಚ್ಚು ಮಾಡಿದವು, ಅಣಕು ಕವನಗಳು ಬಂದವು, ಬೀದಿಯಲ್ಲಿ ಮಕ್ಕಳು ಆತನ ಹಿಂದೆ ಓಡಿದರು ಎಂಬ ಕತೆಗಳೂ ಇವೆ. ಪೋಗೆ ಸಿಕ್ಕಿದ್ದೆಷ್ಟು? 9 ಡಾಲರ್ ಎಂದು ಸಾಮಾನ್ಯವಾಗಿ ಹೇಳುತ್ತಾರೆ. 15 ಎನ್ನುವವರೂ ಇದ್ದಾರೆ. ಮರುಮುದ್ರಣಕ್ಕೆ ಕವಿಗೆ ಹಣ ಕೊಡುವ ಪದ್ಧತಿಯೇ ಇರಲಿಲ್ಲ.

ಮರುವರ್ಷ ಏಪ್ರಿಲ್‌ನಲ್ಲಿ ಪೋ ಈ ಕವನವನ್ನು ಹೇಗೆ ಕಟ್ಟಿದೆ ಎಂದು ಒಂದು ಪ್ರಬಂಧ ಬರೆದ. ಅದು ಇಂದಿಗೂ ಚರ್ಚೆಗೆ ಕಾರಣವಾಗಿದೆ. ಮೊದಲು ಕವನದ ಉದ್ದ ನಿಶ್ಚಯಿಸಿದನಂತೆ, ಸುಮಾರು ನೂರು ಸಾಲು. ಒಂದೇ ಬೈಠಕ್ಕಿನಲ್ಲಿ ಓದಿ ಮುಗಿಯಬೇಕು. ಆಮೇಲೆ ಧಾಟಿ, ವಿಷಾದ. ಆಮೇಲೆ ಮರುಕಳಿಸುವ ಒಂದೇ ಪದ, ಅದರ ಸ್ವರ ವ್ಯಂಜನ. ಆ ಪದವನ್ನು ಹೇಳಲು ಮೊದಲು ಗಿಳಿಯನ್ನು ಯೋಚಿಸಿ, ಅನಂತರ ರೇವನ್‌ಗೆ ಬಂದನಂತೆ. ಎಲ್ಲಕ್ಕಿಂತ ಹೆಚ್ಚು ಕಾವ್ಯಮಯವಾದ ವಸ್ತು ಯಾವುದೆಂದು ಲೆಕ್ಕ ಹಾಕಿದಾಗ ಸಿಕ್ಕಿದ ಉತ್ತರ ಸುಂದರಿಯೊಬ್ಬಳ ಸಾವು. ಗಣಿತದ ಪ್ರಶ್ನೆ ಬಿಡಿಸಿದಂತೆ ಎಲ್ಲವನ್ನೂ ಬಿಡಿಸಿಟ್ಟಿದ್ದಾನೆ.

ಇದು ಪೂರ್ತಿ ನಿಜವಲ್ಲ, ಬರೆದ ಮೇಲೆ ಕಟ್ಟಿದ ಲೆಕ್ಕ ಎಂದು ಅನೇಕ ವಿದ್ವಾಂಸರು ಅನುಮಾನಿಸಿದ್ದಾರೆ. ಆದರೆ ಇದು ಅಚ್ಚಾಗುವ ಹೊತ್ತಿಗೆ ಮನೆಯಲ್ಲಿ ವರ್ಜೀನಿಯಾ ಕೆಮ್ಮುತ್ತ ಮಲಗಿದ್ದಳು ಎಂಬುದನ್ನು ಮರೆಯಬಾರದು. ಹಾಗಾದರೆ ಈ ಮನುಷ್ಯನ ದುಃಖ ನಾಟಕವೇ? ಹಾಗೆನ್ನುವುದು ಅನ್ಯಾಯ. ಸಾವಿನ ಮನೆಯಲ್ಲಿ ಖರ್ಚಿನ ಲೆಕ್ಕ ಬರೆಯುವವನೊಬ್ಬ ಇದ್ದೇ ಇರುತ್ತಾನೆ, ಆತನಿಗೆ ದುಃಖವಿಲ್ಲ ಎಂದು ಯಾರೂ ಹೇಳುವುದಿಲ್ಲ. ಕೈ ನಡುಗಬಾರದೆಂದೇ ಆತ ಲೆಕ್ಕ ಹಿಡಿಯುತ್ತಾನೆ.

ಸ್ವಂತ ಪತ್ರಿಕೆ ನಡೆಸಬೇಕೆಂಬುದು ಪೋನ ಜೀವನದ ದೊಡ್ಡ ಆಸೆ. 1845ರ ಅಕ್ಟೋಬರಿನಲ್ಲಿ ಸಾಲ ಮಾಡಿ 'ಬ್ರಾಡ್‌ವೇ ಜರ್ನಲ್' ಪತ್ರಿಕೆಯ ಒಡೆಯನಾದ. 1846ರ ಜನವರಿ 3ಕ್ಕೆ ಕೊನೆಯ ಸಂಚಿಕೆ. ಸಾಲ ಕೊಟ್ಟವರಲ್ಲಿ ಹೆಸರಾಂತ ಸಂಪಾದಕ ಹೊರೇಸ್ ಗ್ರೀಲಿಯೂ ಒಬ್ಬ. ಮುಂದೆ ಹಸ್ತಾಕ್ಷರ ಸಂಗ್ರಹಿಸುವ ಹವ್ಯಾಸಿಯೊಬ್ಬ ಪೋನ ಸಹಿ ಇದೆಯೇ ಎಂದು ಕೇಳಿದಾಗ, 50 ಡಾಲರಿನ ಪ್ರಾಮಿಸರಿ ನೋಟಿನ ಮೇಲೆ ಇದೆ, ಹಿಂದೆ ತನ್ನದೂ ಸಹಿ ಇದೆ, ಬೇಕಾದರೆ ಅರ್ಧ ಬೆಲೆಗೆ ಕೊಡುವೆ ಎಂದು ಗ್ರೀಲಿ ಉತ್ತರಿಸಿದನಂತೆ.

ಆ ವರ್ಷ ಮೂವರೂ ನ್ಯೂಯಾರ್ಕಿನ ಹೊರವಲಯದ ಫೋರ್ಡ್‌ಹಾಮ್ ಎಂಬಲ್ಲಿ ಚಿಕ್ಕ ಮರದ ಮನೆಗೆ ಹೋದರು. ಚಳಿಗಾಲ ಬಂದಾಗ ಬೆಂಕಿಗೆ ಸೌದೆಯಿಲ್ಲ. ಹುಲ್ಲಿನ ಹಾಸಿಗೆಯಲ್ಲಿ ಮಲಗಿದ್ದ ವರ್ಜೀನಿಯಾಳ ಮೇಲೆ ಗಂಡನ ಕೋಟು ಹೊದಿಸಿದ್ದನ್ನೂ, ಎದೆಯ ಮೇಲೆ ಸಾಕು ಬೆಕ್ಕು ಬೆಚ್ಚಗೆ ಕುಳಿತಿದ್ದನ್ನೂ ನೋಡಲು ಬಂದ ಮಹಿಳೆಯೊಬ್ಬಳು ಬರೆದಿಟ್ಟಿದ್ದಾಳೆ. 1846ರ ಡಿಸೆಂಬರಿನಲ್ಲಿ ಪತ್ರಿಕೆಯಲ್ಲಿ ನೆರವು ಕೋರಿ ಪ್ರಕಟಣೆ ಬಂತು. ತಾಯಿಗಾಗಿ ರಿಚ್ಮಂಡ್‌ನಲ್ಲಿ ಬಂದಿದ್ದಂತೆಯೇ. 1847ರ ಜನವರಿ 30ರಂದು ವರ್ಜೀನಿಯಾ ಕಣ್ಮುಚ್ಚಿದಳು. ಆಕೆಯ ಚಿತ್ರವೊಂದೂ ಇರಲಿಲ್ಲವೆಂದು, ಸತ್ತ ಮೇಲೆ ಮುಖ ನೋಡಿ ಒಂದು ಜಲವರ್ಣ ಚಿತ್ರ ಬರೆಸಿದರು. ಇಂದು ಪುಸ್ತಕಗಳಲ್ಲಿ ಕಾಣುವುದು ಅದೇ ಚಿತ್ರ.

ಕೊನೆಯ ಪ್ರಯಾಣ

1849ರ ಬೇಸಿಗೆಯಲ್ಲಿ ಪೋ ರಿಚ್ಮಂಡ್‌ಗೆ ಮರಳಿದ. ಕುಡಿಯುವುದಿಲ್ಲವೆಂದು ಸಂಘವೊಂದಕ್ಕೆ ಸೇರಿ ಪ್ರತಿಜ್ಞೆ ಮಾಡಿದ. ಅಷ್ಟರಲ್ಲಿ ವಿಧವೆಯಾಗಿದ್ದ ಎಲ್ಮೈರಾಳನ್ನು ಮತ್ತೆ ಕಂಡು ಮದುವೆಯ ಮಾತೆತ್ತಿದ. ಸೆಪ್ಟೆಂಬರ್ 27ರಂದು ಹಡಗು ಹತ್ತಿ ಹೊರಟವನು ಅಕ್ಟೋಬರ್ 3ರಂದು, ಚುನಾವಣೆಯ ದಿನ, ಬಾಲ್ಟಿಮೋರ್‌ನ ಮತಗಟ್ಟೆಯೂ ಆಗಿದ್ದ ಒಂದು ಹೋಟೆಲಿನಲ್ಲಿ ಅರೆಪ್ರಜ್ಞೆಯಲ್ಲಿ ಸಿಕ್ಕಿದ. ಮೈಮೇಲಿದ್ದುದು ತನ್ನದಲ್ಲದ ಬಟ್ಟೆ. ಗುರುತಿಸಿ ಚೀಟಿ ಬರೆದು ಪರಿಚಯದ ವೈದ್ಯರನ್ನು ಕರೆಸಿದವನು ಪತ್ರಿಕೆಯಲ್ಲಿ ಮೊಳೆ ಜೋಡಿಸುವ ಕೆಲಸದ ಜೋಸೆಫ್ ವಾಕರ್. ನಾಲ್ಕು ದಿನಗಳ ನಂತರ ಪೋ ತೀರಿಕೊಂಡ. ಕುಡಿತ, ಮೆದುಳಿನ ಕಾಯಿಲೆ, ಹುಚ್ಚುನಾಯಿ ಕಡಿತ, ಕಳ್ಳ ಮತ ಹಾಕಿಸಲು ಗೂಂಡಾಗಳು ಹಿಡಿದಿಟ್ಟದ್ದು ಹೀಗೆ ಹಲವು ವಾದಗಳಿವೆ, ಯಾವುದೂ ಸಾಬೀತಾಗಿಲ್ಲ. ಶವಸಂಸ್ಕಾರಕ್ಕೆ ಬಂದವರು ಬೆರಳೆಣಿಕೆಯ ಜನ.

ಎರಡು ದಿನ ಕಳೆಯುವುದರೊಳಗೆ ನ್ಯೂಯಾರ್ಕಿನ ಪತ್ರಿಕೆಯಲ್ಲಿ ಸುಳ್ಳು ಹೆಸರಿನಿಂದ ಒಂದು ಶ್ರದ್ಧಾಂಜಲಿ ಬಂತು. ಈತ ಸತ್ತದ್ದಕ್ಕೆ ದುಃಖಪಡುವವರು ಹೆಚ್ಚಿಲ್ಲ ಎಂಬುದು ಅದರ ಧಾಟಿ. ಬರೆದವನು ರೂಫಸ್ ಗ್ರಿಸ್‌ವೊಲ್ಡ್, ಗ್ರಹಾಮ್ಸ್ ಪತ್ರಿಕೆಯಲ್ಲಿ ಪೋ ಬಿಟ್ಟ ಕುರ್ಚಿಗೆ ಬಂದವನು, ಪೋನ ವಿಮರ್ಶೆಯ ಏಟು ತಿಂದವನು. ಕೃತಿ ಸಂಗ್ರಹದ ಸಂಪಾದಕತ್ವವೂ ಆತನ ಕೈಗೇ ಹೋಯಿತು. 1850ರಲ್ಲಿ ಸೇರಿಸಿದ ಜೀವನಚರಿತ್ರೆಯಲ್ಲಿ ಪೋನನ್ನು ನೀತಿಗೆಟ್ಟ ಹುಚ್ಚನನ್ನಾಗಿ ಚಿತ್ರಿಸಿ, ಅದಕ್ಕೆ ಪುರಾವೆಯಾಗಿ ಪೋನ ಕಾಗದಗಳನ್ನೇ ತಿದ್ದಿ ಅಚ್ಚು ಮಾಡಿದ. ಆ ವಂಚನೆ ಪೂರ್ತಿ ಬಯಲಾಗಲು 1941ರವರೆಗೆ, ಎ.ಎಚ್. ಕ್ವಿನ್ ಎಂಬ ಪ್ರಾಧ್ಯಾಪಕರು ಮೂಲ ಕಾಗದಗಳೊಡನೆ ಹೋಲಿಸಿ ಚರಿತ್ರೆ ಬರೆಯುವವರೆಗೆ ಕಾಯಬೇಕಾಯಿತು. ವಿಚಿತ್ರವೆಂದರೆ ಕೆಡಿಸಲು ಬರೆದದ್ದೇ ಜನರ ಕುತೂಹಲ ಕೆರಳಿಸಿತು. ಫ್ರಾನ್ಸಿನಲ್ಲಿ ಕವಿ ಬೋದಿಲೇರ್ ಪೋನನ್ನು ತನ್ನ ಒಡಹುಟ್ಟಿದವನಂತೆ ಭಾವಿಸಿ ವರ್ಷಗಟ್ಟಲೆ ಕುಳಿತು ಅನುವಾದಿಸಿದ. 1875ರಲ್ಲಿ ಮಲಾರ್ಮೆ ಮಾಡಿದ 'ದಿ ರೇವನ್' ಅನುವಾದಕ್ಕೆ ಚಿತ್ರ ಬರೆದವನು ಖ್ಯಾತ ಕಲಾವಿದ ಮಾನೆ. ಜಪಾನಿನಲ್ಲಿ ಒಬ್ಬ ಪತ್ತೇದಾರಿ ಲೇಖಕ ಪೋನ ಹೆಸರನ್ನೇ ಜಪಾನೀ ಉಚ್ಚಾರಕ್ಕೆ ಹೊಂದಿಸಿ ಎಡೊಗಾವಾ ರಾಂಪೊ ಎಂದು ಕಾವ್ಯನಾಮ ಇಟ್ಟುಕೊಂಡ.

ಮರಾಯ ಕ್ಲೆಮ್‌ಗೆ ಕೃತಿ ಸಂಗ್ರಹದಿಂದ ಹಣವೇನೂ ಬರಲಿಲ್ಲ. ಹಣದ ಬದಲು ಪುಸ್ತಕದ ಪ್ರತಿಗಳನ್ನೇ ಕೊಟ್ಟರು. ಅಳಿಯನನ್ನು ಹೀಗಳೆದ ಆ ಸಂಪುಟಗಳನ್ನೇ ಪರಿಚಯದವರಿಗೆ ಮಾರಿ ಆಕೆ ದಿನ ದೂಡಬೇಕಾಯಿತು. 1871ರಲ್ಲಿ ಬಾಲ್ಟಿಮೋರ್‌ನ ಆಶ್ರಯಧಾಮವೊಂದರಲ್ಲಿ ಆಕೆ ತೀರಿಕೊಂಡಳು. ಇಪ್ಪತ್ತೆರಡು ವರ್ಷ ಹಿಂದೆ ಪೋ ಸತ್ತ ಆಸ್ಪತ್ರೆ ಇದ್ದುದು ಅದೇ ಕಟ್ಟಡದಲ್ಲಿ.

ಗುರುತಿಲ್ಲದೆ ಬಿದ್ದಿದ್ದ ಪೋನ ಸಮಾಧಿಗೆ ಬಾಲ್ಟಿಮೋರ್‌ನ ಶಾಲಾ ಶಿಕ್ಷಕಿಯೊಬ್ಬಳು ಮುಂದೆ ನಿಂತು ಮಕ್ಕಳಿಂದ ಕಾಸು ಕಾಸು ಕೂಡಿಸಿ ಸ್ಮಾರಕ ಎಬ್ಬಿಸಿದಳು. 1875ರ ನವೆಂಬರ್ 17ರಂದು ಅದರ ಅನಾವರಣ. ದೊಡ್ಡ ಕವಿಗಳಲ್ಲಿ ಬಂದವನು ವಾಲ್ಟ್ ವಿಟ್‌ಮನ್ ಒಬ್ಬನೇ. ಫೋರ್ಡ್‌ಹಾಮ್‌ನ ಸ್ಮಶಾನ ತೆಗೆದುಹಾಕಿದಾಗ ಹೊರಬಂದ ವರ್ಜೀನಿಯಾಳ ಅಸ್ಥಿಯನ್ನು ಪೋನ ಚರಿತ್ರೆಕಾರನೊಬ್ಬ ಪೆಟ್ಟಿಗೆಯಲ್ಲಿ ಕಾಪಾಡಿ ಇಟ್ಟಿದ್ದ. 1885ರ ಜನವರಿ 19ರಂದು, ಪೋನ ಹುಟ್ಟುಹಬ್ಬದ ದಿನ, ಅದನ್ನೂ ಇಲ್ಲಿಗೆ ತಂದು ಹೂಳಲಾಯಿತು. ಗಂಡ, ಹೆಂಡತಿ, ಸೋದರತ್ತೆ ಮೂವರೂ ಈಗ ಒಂದೇ ಕಲ್ಲಿನಡಿ ಇದ್ದಾರೆ. ಕಲ್ಲಿನ ಮೇಲೆ ಪೋ ಹುಟ್ಟಿದ ದಿನ ಮಾತ್ರ ಜನವರಿ 20 ಎಂದು ತಪ್ಪಾಗಿ ಕೆತ್ತಲಾಗಿದೆ.